ಸರ್ವರ್‌ನ ಇಂಟರಪ್ಟ್‌ಗಳನ್ನು ಕೋರ್‌ಗಳಿಗೆ ಹಂಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಕೇಬಲ್ ಇಂಟರ್ನೆಟ್‌ನವರು, ಸಹಕಾರಿ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವವರು, ಕಾಲೇಜು ಲ್ಯಾಬಿನವರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಮಾತು ಹೆಚ್ಚಾಗಿ ಲಿನಕ್ಸ್ ಸರ್ವರ್ ಬಗ್ಗೆ. ಕಮಾಂಡ್, ಫೈಲ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಇಂಟರಪ್ಟ್ ಅಂದರೆ ಎಂತ? ಅದನ್ನು ಹಂಚುವುದು ಯಾಕೆ?

ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೆಟ್ ಬಂತು, ಡಿಸ್ಕ್ ಓದಿ ಮುಗಿಸಿತು ಎಂದಿಟ್ಟುಕೊಳ್ಳಿ. ಅದನ್ನು ಪ್ರೊಸೆಸರ್‌ಗೆ ತಿಳಿಸಬೇಕಲ್ವಾ? ಆ ಕರೆಯೇ ಇಂಟರಪ್ಟ್. ಕರೆ ಬಂದ ಕೋರ್ (ಪ್ರೊಸೆಸರ್ ಒಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಒಂದು ಘಟಕ) ಕೈಯಲ್ಲಿದ್ದ ಕೆಲಸ ಬಿಟ್ಟು ಡ್ರೈವರ್‌ನ, ಅಂದರೆ ಆ ಸಾಧನವನ್ನು ನಡೆಸುವ ಪ್ರೋಗ್ರಾಂನ, ಕೋಡ್ ಓಡಿಸುತ್ತದೆ, ಮತ್ತೆ ಹಳೆ ಕೆಲಸಕ್ಕೆ ಮರಳುತ್ತದೆ. ಒಂದು ಕರೆಗೆ ಹಿಡಿಯುವ ಸಮಯ ಬಹಳ ಕಡಿಮೆ. ಆದರೆ ಕರೆಗಳ ಸಂಖ್ಯೆ ನೋಡಿ: ಒಂದು ಗಿಗಾಬಿಟ್ ಲೈನು ತುಂಬಿ ಹರಿದರೆ, 1500 ಬೈಟಿನ ದೊಡ್ಡ ಪ್ಯಾಕೆಟ್ ಆದರೂ ಸೆಕೆಂಡಿಗೆ ಸುಮಾರು 81 ಸಾವಿರ ಬರುತ್ತವೆ. ಅತಿ ಸಣ್ಣ 64 ಬೈಟಿನವಾದರೆ 14.88 ಲಕ್ಷ. 10 ಗಿಗಾಬಿಟ್ ಲೈನಿಗೆ ಇದರ ಹತ್ತು ಪಟ್ಟು.

ಅಂಗಳದಲ್ಲಿ ಎಂಟು ಜನ ಅಡಿಕೆ ಸುಲಿಯಲು ಕೂತಿದ್ದಾರೆ, ಗೋಣಿ ಹೊತ್ತು ತಂದವನು ಎಲ್ಲವನ್ನೂ ಮೊದಲನೆಯವನ ಮುಂದೆಯೇ ಸುರಿದು ಹೋದ. ಏಳು ಜನ ಸುಮ್ನೆ ಕೂತಿರುತ್ತಾರೆ, ಒಬ್ಬನಿಗೆ ಮಾತ್ರ ತಲೆ ಎತ್ತಲು ಪುರುಸೊತ್ತಿಲ್ಲ. ಎಂಟು ಕೋರಿನ ಸರ್ವರ್‌ನಲ್ಲೂ ಇದೇ ಆಗುತ್ತದೆ. ಒಟ್ಟು ಲೆಕ್ಕದಲ್ಲಿ ಸಿಪಿಯು ಬಳಕೆ ಬರೀ 12 ಶೇಕಡಾ ಅಂತ ಕಾಣುತ್ತದೆ. ಆದರೆ ಪ್ಯಾಕೆಟ್ ಬಿದ್ದು ಹೋಗುತ್ತಿರುತ್ತವೆ.

ಹಿಂದೆ ಹಂಚುವ ಮಾತೇ ಇರಲಿಲ್ಲ. ಕಾಸರಗೋಡು ಜಿಲ್ಲೆಯಾದ 1984ರಲ್ಲೇ ಐಬಿಎಂನ ಪಿಸಿ-ಎಟಿ ಬಂತು. ಅದರಲ್ಲಿ ಎರಡು ಇಂಟರಪ್ಟ್ ಚಿಪ್ ಜೋಡಿಸಿ 15 ಲೈನು ಸಿಗುವ ಹಾಗೆ ಮಾಡಿದ್ದರು, ಪ್ರೊಸೆಸರ್ ಇದ್ದದ್ದೇ ಒಂದು. ಈಗ ಎಂಎಸ್‌ಐ-ಎಕ್ಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಾರ್ಡ್ 2048 ಇಂಟರಪ್ಟ್‌ಗಳ ತನಕ ಇಟ್ಟುಕೊಳ್ಳಬಹುದು. ಒಂದೊಂದನ್ನೂ ಬೇರೆ ಬೇರೆ ಕೋರಿಗೆ ಕಳಿಸಬಹುದು. ಹಂಚುವ ಆಟ ಸಾಧ್ಯವಾದದ್ದು ಇದರಿಂದ.

ನಮ್ಮ ಸರ್ವರ್‌ನಲ್ಲಿ ಈ ತೊಂದರೆ ಉಂಟೋ ಇಲ್ಲವೋ, ತಿಳಿಯುವುದು ಹೇಗೆ?

ಯಾವುದನ್ನೂ ಮುಟ್ಟುವ ಮೊದಲು ಇದನ್ನು ಮಾಡಿ. ನನಗೆ ಬರುವ ಹತ್ತರಲ್ಲಿ ಏಳೆಂಟು ಫೋನು ಇಲ್ಲೇ ಮುಗಿಯುತ್ತವೆ, ಯಾಕೆಂದರೆ ತೊಂದರೆ ಬೇರೆ ಕಡೆ ಇರುತ್ತದೆ.

ಟ್ರಾಫಿಕ್ ಜಾಸ್ತಿ ಇರುವ ಹೊತ್ತು ಆರಿಸಿಕೊಳ್ಳಿ. ನಮ್ಮ ಕಡೆ ಕೇಬಲ್‌ನವರಿಗೆ ಅದು ರಾತ್ರಿ ಎಂಟೂವರೆಯಿಂದ ಹನ್ನೊಂದು. ಬೆಳಿಗ್ಗೆ ಹತ್ತಕ್ಕೆ ನೋಡಿ "ಎಲ್ಲ ಸರಿ ಉಂಟು" ಅಂದರೆ ಏನೂ ಪ್ರಯೋಜನ ಇಲ್ಲ. ಟಾಪ್ ಕಮಾಂಡ್ ಓಡಿಸಿ, ಕೀಬೋರ್ಡಿನಲ್ಲಿ 1 ಒತ್ತಿ. ಕೋರ್‌ಗಳು ಒಂದೊಂದು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಪ್ರತಿ ಸಾಲಿನ ಕೊನೆಯ ಕಡೆ ಎಚ್‌ಐ ಮತ್ತು ಎಸ್‌ಐ ಎಂಬ ಎರಡು ಅಂಕಿ ಇವೆ. ಎಚ್‌ಐ ಅಂದರೆ ಹಾರ್ಡ್ ಇಂಟರಪ್ಟ್‌ಗೆ ಹೋದ ಸಮಯ, ಎಸ್‌ಐ ಅಂದರೆ ಸಾಫ್ಟ್ ಇಂಟರಪ್ಟ್‌ಗೆ ಹೋದ ಸಮಯ. ಕೋರ್ 0ರ ಎಸ್‌ಐ 95ರ ಮೇಲೆ ನಿಂತಿದೆ, ಉಳಿದ ಏಳು ಕೋರ್‌ಗಳಲ್ಲಿ 2, 3 ಅಂತ ಇದೆ ಎಂದರೆ ಈ ಪುಟ ನಿಮಗೇ ಬರೆದದ್ದು. ಎಲ್ಲ ಕೋರ್‌ಗಳಲ್ಲೂ 20ರ ಆಸುಪಾಸು ಇದ್ದರೆ ಸುಮ್ನೆ ಬಿಟ್ಟುಬಿಡಿ.

ಆಮೇಲೆ ಪ್ರಾಕ್ ಡೈರೆಕ್ಟರಿಯ ಇಂಟರಪ್ಟ್ಸ್ ಫೈಲ್ ತೆರೆಯಿರಿ. ಮೇಲೆ ಕೋರ್‌ಗಳ ಹೆಸರು ಅಡ್ಡಕ್ಕೆ, ಎಡಕ್ಕೆ ಐಆರ್‌ಕ್ಯೂ ನಂಬರು (ಪ್ರತಿ ಇಂಟರಪ್ಟಿನ ಗುರುತು ಸಂಖ್ಯೆ), ಬಲತುದಿಯಲ್ಲಿ ಸಾಧನದ ಹೆಸರು. ನೆಟ್‌ವರ್ಕ್ ಕಾರ್ಡಿನ ಸಾಲುಗಳು ಪೋರ್ಟಿನ ಹೆಸರಿನ ಜೊತೆ ಕ್ಯೂ (ಕಾರ್ಡಿನಲ್ಲಿ ಪ್ಯಾಕೆಟ್ ಕಾಯುವ ಸರದಿ, ಒಂದೊಂದಕ್ಕೂ ತನ್ನದೇ ಇಂಟರಪ್ಟ್) ನಂಬರು ಸೇರಿಸಿಕೊಂಡು ಕೊನೆಗೆ 0, 1, 2, 3 ಎಂದು ಸಾಲಾಗಿ ಇರುತ್ತವೆ. ಅಲ್ಲಿರುವ ಅಂಕಿ ಸರ್ವರ್ ಆನ್ ಆದಾಗಿನಿಂದ ಬಂದ ಒಟ್ಟು ಎಣಿಕೆ. ಅದನ್ನು ಒಮ್ಮೆ ನೋಡಿ ತೀರ್ಮಾನಕ್ಕೆ ಬರಬೇಡಿ, ಹೋದ ವಾರದ ಕಥೆಯೂ ಅದರಲ್ಲಿ ಸೇರಿರುತ್ತದೆ. ವಾಚ್ ಕಮಾಂಡಿನ ಜೊತೆ ಸಣ್ಣ ಡಿ ಕೊಟ್ಟು ಓಡಿಸಿ. ಬದಲಾಗುತ್ತಿರುವ ಅಂಕಿಗಳು ಎದ್ದು ಕಾಣುತ್ತವೆ. ಯಾವ ಕಂಬ ಓಡುತ್ತಿದೆ, ಯಾವುದು ನಿಂತಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಮೂರನೆಯದು, ಪ್ರಾಕ್ ಒಳಗಿನ ನೆಟ್ ಡೈರೆಕ್ಟರಿಯ ಸಾಫ್ಟ್‌ನೆಟ್-ಸ್ಟಾಟ್ ಫೈಲ್. ಕೋರಿಗೆ ಒಂದು ಸಾಲು, ಅಂಕಿಗಳೆಲ್ಲ ಹೆಕ್ಸಾದಲ್ಲಿ (16ರ ಆಧಾರದ ಎಣಿಕೆ). ಮೊದಲ ಕಂಬ ಆ ಕೋರ್ ನಿಭಾಯಿಸಿದ ಪ್ಯಾಕೆಟ್, ಎರಡನೆಯದು ಸಾಲು ತುಂಬಿ ಬಿಸಾಡಿದವು, ಮೂರನೆಯದು ಕೆಲಸ ಬಾಕಿ ಇರುವಾಗಲೇ ಸಮಯ ಅಥವಾ ಮಿತಿ ಮುಗಿದು ಬಿಟ್ಟುಕೊಡಬೇಕಾಗಿ ಬಂದದ್ದು. ಎರಡನೆಯದು ಅಥವಾ ಮೂರನೆಯದು ಒಂದೇ ಸಾಲಿನಲ್ಲಿ ಏರುತ್ತಿದ್ದರೆ ರೋಗ ಸಿಕ್ಕಿತು.

ಎಚ್‌ಐ ಸೊನ್ನೆ, ಎಸ್‌ಐ ಮಾತ್ರ ಆಕಾಶದಲ್ಲಿ. ಹಾಗಾದರೆ ಹಾರ್ಡ್‌ವೇರ್ ಇಂಟರಪ್ಟ್ ಹಂಚಿ ಏನು ಉಪಯೋಗ?

ಒಳ್ಳೆ ಪ್ರಶ್ನೆ. ಹಾರ್ಡ್ ಇಂಟರಪ್ಟ್ ಬಂದಾಗ ಲಿನಕ್ಸ್ ಮಾಡುವುದು ಬಹಳ ಕಡಿಮೆ ಕೆಲಸ. "ಕಾರ್ಡಿನಲ್ಲಿ ಸರಕು ಉಂಟು" ಎಂದು ಗುರುತು ಹಾಕಿ, ಆ ಕ್ಯೂನ ಇಂಟರಪ್ಟನ್ನು ತಾತ್ಕಾಲಿಕವಾಗಿ ಬಂದ್ ಮಾಡುತ್ತದೆ. ಆಮೇಲೆ ಸಾಫ್ಟ್ ಇಂಟರಪ್ಟ್ ಎಂಬ ಎರಡನೇ ಹಂತದಲ್ಲಿ ಪ್ಯಾಕೆಟ್‌ಗಳನ್ನು ಕಟ್ಟುಕಟ್ಟಾಗಿ ಎತ್ತುತ್ತದೆ. ಒಂದು ಕ್ಯೂನಿಂದ ಒಂದು ಸಲಕ್ಕೆ ಸಾಮಾನ್ಯವಾಗಿ 64. ಒಂದು ಸುತ್ತಿಗೆ ಎಲ್ಲ ಸೇರಿ 300 ಎಂಬ ಮಿತಿ. ನಾಪಿ ಎಂದು ಕರೆಯುವುದು ಇದನ್ನೇ. ಫೈರ್‌ವಾಲ್, ರೂಟಿಂಗ್, ನ್ಯಾಟ್ (ಐಪಿ ವಿಳಾಸ ಬದಲಿಸುವುದು), ಎಲ್ಲದರ ಭಾರ ಈ ಎರಡನೇ ಹಂತದ ಮೇಲೆ.

ವಿಷಯ ಏನೆಂದರೆ, ಹಾರ್ಡ್ ಇಂಟರಪ್ಟ್ ಯಾವ ಕೋರಿಗೆ ಬಂತೋ ಸಾಫ್ಟ್ ಇಂಟರಪ್ಟ್ ಕೂಡ ಅದೇ ಕೋರಿನಲ್ಲಿ ಓಡುತ್ತದೆ. ಹಾಗಾಗಿ ಮೊದಲನೆಯದನ್ನು ಸರಿಸಿದರೆ ಎರಡನೆಯದೂ ಹಿಂದೆಯೇ ಹೋಗುತ್ತದೆ. ಭಾರ ತೀರಾ ಜಾಸ್ತಿ ಆದಾಗ ಕೆ-ಸಾಫ್ಟ್‌ಐಆರ್‌ಕ್ಯೂ-ಡಿ ಎಂಬ ಪ್ರೊಸೆಸ್ ಟಾಪ್‌ನಲ್ಲಿ ಮೇಲೆ ಬರುತ್ತದೆ. ಹೆಸರಿನ ಕೊನೆಗೆ ಕೋರ್ ನಂಬರ್ ಇರುತ್ತದೆ. ಅದನ್ನು ಕಂಡು ಕೆಲವರು ವೈರಸ್ ಅಂದುಕೊಂಡು ಕಿಲ್ ಮಾಡಲು ಹೊರಡುತ್ತಾರೆ. ಬೇಡ ಮಾರಾಯ್ರೆ, ಅದು ಕರ್ನಲ್ಲಿನದೇ, ಅಂದರೆ ಲಿನಕ್ಸಿನ ತಿರುಳಿನದೇ.

ಐಆರ್‌ಕ್ಯೂ-ಬ್ಯಾಲೆನ್ಸ್ ಎಂಬ ಪ್ರೋಗ್ರಾಂ ಇದೆಯಲ್ಲ, ಅದಿದ್ದರೆ ಸಾಕಲ್ವಾ?

ಬಹಳ ಕಡೆ ಸಾಕು. ಅದು ಹಿನ್ನೆಲೆಯಲ್ಲಿ ಓಡುತ್ತಾ 10 ಸೆಕೆಂಡಿಗೊಮ್ಮೆ ಲೋಡ್ ನೋಡಿ ಇಂಟರಪ್ಟ್‌ಗಳನ್ನು ಆಚೀಚೆ ಮಾಡುತ್ತದೆ. ಸಂಘದ ಫೈಲ್ ಸರ್ವರ್, ಕಾಲೇಜಿನ ವೆಬ್ ಸರ್ವರ್, ಆಸ್ಪತ್ರೆಯ ಬಿಲ್ಲಿಂಗ್ ಸರ್ವರ್ ಇಂಥವಕ್ಕೆ ಇದರ ಮೇಲೆ ಬುದ್ಧಿ ಖರ್ಚು ಮಾಡಬೇಕಾಗಿಲ್ಲ. ರೆಡ್‌ಹ್ಯಾಟ್ ಕುಟುಂಬದಲ್ಲಿ ಇದು ಮೊದಲೇ ಚಾಲೂ ಇರುತ್ತದೆ. ಉಬುಂಟು 24.04ರಿಂದ ತಾನಾಗಿ ಹಾಕುವುದನ್ನು ನಿಲ್ಲಿಸಿದೆ, ಬೇಕಾದವರು ಹಾಕಿಕೊಳ್ಳಬೇಕು.

ಆದರೆ ಅದಕ್ಕೂ ಮಿತಿ ಇದೆ. ಕಾರ್ಡಿಗೆ ಒಂದೇ ಇಂಟರಪ್ಟ್ ಇದ್ದರೆ ಅದು ಎಂತ ಹಂಚುವುದು? ಒಂದು ಕೋರಿನಿಂದ ಇನ್ನೊಂದಕ್ಕೆ ದಾಟಿಸಬಹುದು ಅಷ್ಟೇ, ಭಾರ ಹಾಗೇ ಉಳಿಯುತ್ತದೆ. ಒಂದೇ ವೇಗದಲ್ಲಿ ಸದಾ ಪ್ಯಾಕೆಟ್ ತಳ್ಳುವ ರೂಟರ್‌ನಂಥ ಯಂತ್ರದಲ್ಲಿ ಅದು ಪದೇ ಪದೇ ಜಾಗ ಬದಲಿಸಿದರೆ ಕ್ಯಾಶ್‌ನಲ್ಲಿ (ಕೋರಿನ ಪಕ್ಕದ ವೇಗದ ಮೆಮೊರಿ) ಇದ್ದ ಮಾಹಿತಿ ವ್ಯರ್ಥವಾಗುತ್ತದೆ. ಅಂಥ ಕಡೆ ನಾನು ಅದನ್ನು ನಿಲ್ಲಿಸಿ, ಯಾವ ಇಂಟರಪ್ಟ್ ಯಾವ ಕೋರಿಗೆ ಎಂದು ಕೈಯಾರೆ ಕಟ್ಟುತ್ತೇನೆ.

ಅರ್ಧ ಅದು, ಅರ್ಧ ನೀವು ಎಂಬುದು ಮಾತ್ರ ಬೇಡ. ನೀವು ಬರೆದದ್ದನ್ನು ಹತ್ತು ಸೆಕೆಂಡಿನಲ್ಲಿ ಅದು ಅಳಿಸೀತು. ಒಂದೋ ಪೂರ್ತಿ ನಿಲ್ಲಿಸಿ, ಇಲ್ಲವೇ ಬ್ಯಾನ್‌ಐಆರ್‌ಕ್ಯೂ ಎಂಬ ಆಯ್ಕೆ ಕೊಟ್ಟು "ಈ ನಂಬರುಗಳನ್ನು ಮುಟ್ಟಬೇಡ" ಎಂದು ಹೇಳಿಡಿ.

ಕೈಯಾರೆ ಕಟ್ಟುವುದು ಹೇಗೆ?

ಪ್ರಾಕ್ ಒಳಗೆ ಐಆರ್‌ಕ್ಯೂ ಎಂಬ ಡೈರೆಕ್ಟರಿ, ಅದರೊಳಗೆ ಪ್ರತಿ ಇಂಟರಪ್ಟ್ ನಂಬರಿಗೂ ಒಂದು ಡೈರೆಕ್ಟರಿ. ಅಲ್ಲಿ ಎಸ್‌ಎಂಪಿ-ಅಫಿನಿಟಿ ಮತ್ತು ಎಸ್‌ಎಂಪಿ-ಅಫಿನಿಟಿ-ಲಿಸ್ಟ್ ಎಂಬ ಎರಡು ಫೈಲ್ ಇವೆ. ಹೆಸರಿನ ನಡುವೆ ಅಡ್ಡಗೆರೆ ಅಲ್ಲ, ಅಂಡರ್‌ಸ್ಕೋರ್. ರೂಟ್ ಆಗಿ ಅದರಲ್ಲಿ ಬೆಲೆ ಬರೆದರೆ ಕೆಲಸ ಆಯಿತು.

ಮೊದಲನೆಯದಕ್ಕೆ ಹೆಕ್ಸಾ ಮಾಸ್ಕ್ ಬೇಕು, ಅಂದರೆ ಯಾವ ಕೋರ್‌ಗಳು ಎಂದು ಹೇಳುವ ಒಂದು ಸಂಖ್ಯೆ. ಕೋರ್ 0ಕ್ಕೆ 1, ಕೋರ್ 1ಕ್ಕೆ 2, ಕೋರ್ 2ಕ್ಕೆ 4, ಕೋರ್ 3ಕ್ಕೆ 8, ಕೋರ್ 4ಕ್ಕೆ 10, ಕೋರ್ 5ಕ್ಕೆ 20. ಈ 10 ಹೆಕ್ಸಾದ್ದು, ನಮ್ಮ ಹತ್ತು ಅಲ್ಲ. ಇಲ್ಲಿ ಎಡವುವವರು ಜಾಸ್ತಿ. 32ಕ್ಕಿಂತ ಹೆಚ್ಚು ಕೋರ್ ಇದ್ದರೆ ಮಧ್ಯೆ ಅಲ್ಪವಿರಾಮ ಬೇರೆ ಹಾಕಬೇಕು. ನನ್ನ ಸಲಹೆ: ಮಾಸ್ಕಿನ ಸಹವಾಸವೇ ಬೇಡ, ಲಿಸ್ಟ್ ಫೈಲಿಗೆ ಬರೆಯಿರಿ. ಅಲ್ಲಿ 3 ಅಂದರೆ ಕೋರ್ 3. ಮುಗಿಯಿತು.

ಕ್ಯೂ 0 ಕೋರ್ 0ಕ್ಕೆ, ಕ್ಯೂ 1 ಕೋರ್ 1ಕ್ಕೆ, ಹೀಗೆ ಒಂದಕ್ಕೊಂದು ಕಟ್ಟುತ್ತಾ ಹೋಗಿ. ಇಂಟೆಲ್ ಕಾರ್ಡಿನವರಿಗೆ ಡ್ರೈವರ್ ಜೊತೆಯೇ ಸೆಟ್-ಐಆರ್‌ಕ್ಯೂ-ಅಫಿನಿಟಿ ಎಂಬ ಸ್ಕ್ರಿಪ್ಟ್ ಸಿಗುತ್ತದೆ, ಇದೇ ಕೆಲಸ ಮಾಡುತ್ತದೆ. ಬರೆದ ಕ್ಷಣವೇ ಎಣಿಕೆ ಬದಲಾಗದಿದ್ದರೆ ಗಾಬರಿ ಬೇಡ. ಕೆಲವು ಯಂತ್ರಗಳಲ್ಲಿ ಮುಂದಿನ ಇಂಟರಪ್ಟ್ ಬಂದಾಗಲೇ ಬದಲಾವಣೆ ಜಾರಿಯಾಗುವುದು.

ಎಲ್ಲ ಎಂಟು ಕೋರ್ ಸೇರಿಸಿ ಮಾಸ್ಕ್ ಎಫ್‌ಎಫ್ ಅಂತ ಕೊಟ್ಟೆ. ಆದರೂ ಒಂದೇ ಕೋರಿಗೆ ಹೋಗುತ್ತಿದೆ, ಯಾಕೆ?

ಮಾಸ್ಕ್ ಅಂದರೆ "ಈ ಕೋರ್‌ಗಳಲ್ಲಿ ಯಾವುದಾದರೂ ಆಗಬಹುದು" ಎಂಬ ಅನುಮತಿ ಅಷ್ಟೇ. ಸರದಿಯ ಪ್ರಕಾರ ಹಂಚು ಎಂಬ ಆಜ್ಞೆ ಅಲ್ಲ. ಇಂದಿನ ಎಕ್ಸ್86 ಯಂತ್ರಗಳಲ್ಲಿ ಕರ್ನಲ್ ಆ ಪಟ್ಟಿಯಿಂದ ಒಂದು ಕೋರನ್ನು ಆರಿಸಿ ಅಲ್ಲಿಗೇ ಕಳಿಸುತ್ತದೆ. ನಿಜವಾಗಿ ಯಾವುದನ್ನು ಆರಿಸಿದೆ ಎಂದು ಅದೇ ಡೈರೆಕ್ಟರಿಯ ಎಫೆಕ್ಟಿವ್-ಅಫಿನಿಟಿ-ಲಿಸ್ಟ್ ಫೈಲ್ ಹೇಳುತ್ತದೆ. ಅಂತರ್ಜಾಲದಲ್ಲಿ ಸಿಗುವ ಹಳೆ ಟಿಪ್ಪಣಿಗಳಲ್ಲಿ "ಎಫ್‌ಎಫ್ ಕೊಡಿ, ತಾನಾಗಿ ಹಂಚುತ್ತದೆ" ಎಂದು ಈಗಲೂ ಇದೆ. ನಕಲು ಮಾಡಬೇಡಿ.

ಒಂದು ವೇಳೆ ಸರದಿಯಲ್ಲಿ ಹಂಚಿದರೂ ಒಳ್ಳೆಯದಲ್ಲ. ಒಂದೇ ಸಂಪರ್ಕದ ಪ್ಯಾಕೆಟ್‌ಗಳು ಬೇರೆ ಬೇರೆ ಕೋರಿಗೆ ಹೋದರೆ ಹಿಂದು ಮುಂದಾಗುತ್ತವೆ. ಟಿಸಿಪಿಗೆ ಅದು ಆಗಿಬರುವುದಿಲ್ಲ.

ಕಾರ್ಡಿಗೆ ಎಷ್ಟು ಕ್ಯೂ ಇಡಬೇಕು?

ಮೊದಲು ಎಷ್ಟು ಉಂಟು ನೋಡಿ. ಈಥ್‌ಟೂಲ್‌ಗೆ ಸಣ್ಣ ಎಲ್ ಮತ್ತು ಪೋರ್ಟಿನ ಹೆಸರು ಕೊಟ್ಟರೆ ಗರಿಷ್ಠ ಎಷ್ಟು, ಈಗ ಎಷ್ಟು ಎಂದು ತೋರಿಸುತ್ತದೆ. ದೊಡ್ಡ ಎಲ್ ಕೊಟ್ಟರೆ ಬದಲಿಸಬಹುದು. ಇಂಟೆಲ್ ಐ350 ಕಾರ್ಡಿನಲ್ಲಿ ಪೋರ್ಟಿಗೆ 8, ಐ210ರಲ್ಲಿ 4. ನಮ್ಮೂರ ಅಂಗಡಿಗಳಲ್ಲಿ ಡೆಸ್ಕ್‌ಟಾಪ್ ಬೋರ್ಡ್ ಹಾಕಿ "ಸರ್ವರ್" ಅಂತ ಜೋಡಿಸಿ ಕೊಡುತ್ತಾರಲ್ಲ, ಅದರಲ್ಲಿ ಹೆಚ್ಚಾಗಿ ಇರುವುದು ರಿಯಲ್‌ಟೆಕ್ ಗಿಗಾಬಿಟ್ ಪೋರ್ಟ್. ಲಿನಕ್ಸಿನ ಆರ್8169 ಡ್ರೈವರ್‌ನಲ್ಲಿ ಅದಕ್ಕೆ ಒಂದೇ ಕ್ಯೂ. ಅಲ್ಲಿ ನೂರು ಸರ್ಕಸ್ ಮಾಡುವ ಬದಲು ಹಳೆಯದಾದರೂ ಸರಿ, ಒಂದು ಸರ್ವರ್ ಕಾರ್ಡ್ ಹಾಕಿ. ದುಡ್ಡು ದಂಡವಾಗುವುದಿಲ್ಲ.

ಕ್ಯೂ ಸಂಖ್ಯೆ ಕೋರ್‌ಗಳ ಸಂಖ್ಯೆಯಷ್ಟೇ ಇರಬೇಕೆಂದೇನೂ ಇಲ್ಲ. ಸರ್ವರ್‌ನಲ್ಲಿ ಡೇಟಾಬೇಸ್ ಕೂಡ ಓಡುತ್ತಿದ್ದರೆ ಎಂಟರಲ್ಲಿ ನಾಲ್ಕು ಕೋರಿಗೆ ನಾಲ್ಕು ಕ್ಯೂ ಕೊಟ್ಟು ಉಳಿದ ನಾಲ್ಕನ್ನು ಡೇಟಾಬೇಸ್‌ಗೆ ಬಿಡುವುದು ಒಳ್ಳೆಯದು. ಬರೀ ರೂಟರ್ ಆದರೆ ಎಲ್ಲವನ್ನೂ ಕೊಡಿ. ಮತ್ತೊಂದು ಮಾತು: ಕ್ಯೂ ಸಂಖ್ಯೆ ಬದಲಿಸುವಾಗ ಲಿಂಕ್ ಒಂದು ಕ್ಷಣ ಕೆಳಗೆ ಹೋಗಿ ಬರಬಹುದು. ರಾತ್ರಿ ಒಂಬತ್ತಕ್ಕೆ ಮಾಡಬೇಡಿ.

ಕೇಬಲ್ ಇಂಟರ್ನೆಟ್ ನಮ್ಮದು. ಕಾರ್ಡಿನಲ್ಲಿ 8 ಕ್ಯೂ ಉಂಟು, ಎಲ್ಲ ಸರಿಯಾಗಿ ಕಟ್ಟಿದ್ದೇವೆ. ಆದರೂ ಕ್ಯೂ 0 ಒಂದೇ ಓಡುತ್ತದೆ. ಎಂತ ಮಾಡುವುದು?

ಗ್ರಾಹಕರು ಲಾಗಿನ್ ಆಗುವುದು ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸಂಪರ್ಕ ತೆರೆಯುವ ವಿಧಾನ) ಮೂಲಕವೇ? ಹಾಗಾದರೆ ಕಾರಣ ಅದೇ. ಕಾಸರಗೋಡು ಕಡೆಯಿಂದ ನನಗೆ ಬರುವ ನಿಜವಾದ ಇಂಟರಪ್ಟ್ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕಾರ್ಡ್ ಪ್ಯಾಕೆಟ್‌ಗಳನ್ನು ಕ್ಯೂಗಳಿಗೆ ಹಂಚುವುದು ಆರ್‌ಎಸ್‌ಎಸ್ ಎಂಬ ವಿಧಾನದಲ್ಲಿ. ಪ್ಯಾಕೆಟ್‌ನ ಕಳಿಸಿದವರ ಐಪಿ, ತಲುಪಬೇಕಾದ ಐಪಿ, ಎರಡು ಕಡೆಯ ಪೋರ್ಟ್ ನಂಬರ್ ತೆಗೆದು ಒಂದು ಹ್ಯಾಶ್ ಲೆಕ್ಕ ಹಾಕುತ್ತದೆ. ಆ ಹ್ಯಾಶ್ ಪ್ರಕಾರ ಕ್ಯೂ ತೀರ್ಮಾನ. ಆದರೆ ಪಿಪಿಪಿಒಇ ಫ್ರೇಮಿನಲ್ಲಿ ಈಥರ್ನೆಟ್ ಹೆಡರ್ ಆದ ಕೂಡಲೇ ಐಪಿ ಹೆಡರ್ ಇರುವುದಿಲ್ಲ. ಫ್ರೇಮಿನ ಮೇಲೆ ಹೆಕ್ಸಾ 8864 ಎಂಬ ಗುರುತು ಇರುತ್ತದೆ, ಮಧ್ಯೆ ಪಿಪಿಪಿಒಇಯ ಹೆಡರ್ ಬೇರೆ. ಬಹಳಷ್ಟು ಕಾರ್ಡ್‌ಗಳಿಗೆ ಅದನ್ನು ದಾಟಿ ಒಳಗೆ ನೋಡಲು ಬರುವುದಿಲ್ಲ. "ಇದು ಐಪಿ ಅಲ್ಲ" ಎಂದು ಹ್ಯಾಶ್ ಹಾಕದೆ ಎಲ್ಲವನ್ನೂ ಕ್ಯೂ 0ಕ್ಕೆ ತಳ್ಳುತ್ತವೆ. ಸಾವಿರ ಗ್ರಾಹಕರಿದ್ದರೂ ಅಷ್ಟೇ.

"ಗ್ರಾಹಕರ ಕಡೆಯಿಂದ ಬರುವುದು ಬರೀ ಅಪ್‌ಲೋಡ್, ಅದು ಕಡಿಮೆಯಲ್ವಾ?" ಎಂದು ಉಪ್ಪಳದ ಒಬ್ಬರು ಕೇಳಿದ್ದರು. ಬೈಟ್ ಲೆಕ್ಕದಲ್ಲಿ ಕಡಿಮೆ, ನಿಜ. ಆದರೆ ಪ್ರೊಸೆಸರ್‌ಗೆ ಭಾರವಾಗುವುದು ಬೈಟ್ ಅಲ್ಲ, ಪ್ಯಾಕೆಟ್. ಯಾರೋ ಮೊಬೈಲಿನಲ್ಲಿ ವಿಡಿಯೋ ಡೌನ್‌ಲೋಡ್ ಮಾಡುತ್ತಿದ್ದರೆ ಟಿಸಿಪಿ ಸುಮಾರು ಎರಡು ಪ್ಯಾಕೆಟಿಗೊಂದು "ಸಿಕ್ಕಿತು" ಎಂಬ ಉತ್ತರ ವಾಪಸು ಕಳಿಸುತ್ತದೆ. ಸಣ್ಣ ಪ್ಯಾಕೆಟ್, ಆದರೆ ಲೆಕ್ಕಕ್ಕೆ ಅದೂ ಒಂದು. ಊರಿಡೀ ರಾತ್ರಿ ವಿಡಿಯೋ ನೋಡುವಾಗ ಅಂಥವು ಲಕ್ಷಗಟ್ಟಲೆ ಒಂದೇ ಕ್ಯೂಗೆ ಬಂದು ಬೀಳುತ್ತವೆ. ಅಪ್‌ಸ್ಟ್ರೀಮ್ (ಇಂಟರ್ನೆಟ್ ಕಡೆಯ) ಪೋರ್ಟಿನಲ್ಲಿ ಬರುವುದು ಸಾದಾ ಐಪಿ ಆದ್ದರಿಂದ ಆ ಕಡೆ ಚೆನ್ನಾಗಿಯೇ ಹಂಚಿಹೋಗಿರುತ್ತದೆ. ಎರಡು ಪೋರ್ಟಿನ ಸಾಲುಗಳನ್ನು ಇಂಟರಪ್ಟ್ಸ್ ಫೈಲಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಹೊಡೆದು ಕಾಣುತ್ತದೆ.

ಪರಿಹಾರ ಎರಡು. ಸುಲಭದ್ದು ಆರ್‌ಪಿಎಸ್. ಕಾರ್ಡ್ ಮಾಡದ ಹಂಚಿಕೆಯನ್ನು ಕರ್ನಲ್ಲೇ ಮಾಡುವುದು. 2010ರಲ್ಲಿ ಲಿನಕ್ಸ್ 2.6.35ರಲ್ಲಿ ಬಂತು. ಕರ್ನಲ್‌ಗೆ ಪಿಪಿಪಿಒಇ ಹೆಡರ್ ಬಿಚ್ಚಿ ಒಳಗಿನ ಐಪಿ ನೋಡಲು ಬರುತ್ತದೆ, ವಿಎಲ್‌ಎಎನ್ (ಒಂದೇ ವೈರಿನಲ್ಲಿ ಜಾಲಗಳನ್ನು ಬೇರ್ಪಡಿಸುವ ಗುರುತು) ಇದ್ದರೂ ತೊಂದರೆಯಿಲ್ಲ. ಸಿಸ್ ಡೈರೆಕ್ಟರಿಯಲ್ಲಿ ಕ್ಲಾಸ್, ನೆಟ್, ನಿಮ್ಮ ಪೋರ್ಟ್, ಕ್ಯೂಸ್, ಆರ್‌ಎಕ್ಸ್-0 ಎಂದು ಒಳಗೆ ಹೋದರೆ ಆರ್‌ಪಿಎಸ್-ಸಿಪಿಯುಸ್ ಫೈಲ್ ಸಿಗುತ್ತದೆ. ಮೊದಲು ಅದರಲ್ಲಿ ಸೊನ್ನೆ ಇರುತ್ತದೆ, ಅಂದರೆ ಬಂದ್. ಎಂಟು ಕೋರ್ ಇದ್ದರೆ ಎಫ್‌ಇ ಎಂದು ಬರೆಯಿರಿ. ಕೋರ್ 0 ಕಾರ್ಡಿನಿಂದ ಎತ್ತಿ ಕೊಡುತ್ತದೆ, ಮುಂದಿನ ಕೆಲಸ 1ರಿಂದ 7ರ ತನಕದ ಕೋರ್‌ಗಳು ಮಾಡುತ್ತವೆ. ಇದನ್ನು ಮೂಲ ಪೋರ್ಟಿನ ಮೇಲೆ ಮಾಡಬೇಕು. ಗ್ರಾಹಕರ ಪಿಪಿಪಿ ಇಂಟರ್‌ಫೇಸ್‌ಗಳ ಮೇಲೆ ಅಲ್ಲ.

ಆಮೇಲೆ ಸಾಫ್ಟ್‌ನೆಟ್-ಸ್ಟಾಟ್‌ನ ಎರಡನೇ ಕಂಬದ ಮೇಲೆ ಕಣ್ಣಿಡಿ. ಆರ್‌ಪಿಎಸ್‌ನಲ್ಲಿ ಪ್ರತಿ ಕೋರಿಗೂ ಕಾಯುವ ಸಾಲು ಇರುತ್ತದೆ, ಅದರ ಉದ್ದ ಸಾಮಾನ್ಯವಾಗಿ 1000. ತುಂಬಿದರೆ ಪ್ಯಾಕೆಟ್ ಬೀಳುತ್ತದೆ. ನೆಟ್‌ಡೆವ್-ಮ್ಯಾಕ್ಸ್-ಬ್ಯಾಕ್‌ಲಾಗ್ ಎಂಬ ಸೆಟ್ಟಿಂಗ್ ಏರಿಸಿದರೆ ಸರಿಯಾಗುತ್ತದೆ.

ಎರಡನೇ ಪರಿಹಾರ ನನಗೆ ಇನ್ನೂ ಇಷ್ಟ. ಓಎಲ್‌ಟಿಗಳು (ಗ್ರಾಹಕರ ಫೈಬರ್ ಲೈನುಗಳು ಬಂದು ಸೇರುವ ಪೆಟ್ಟಿಗೆ) ಎರಡು ಮೂರು ಇದ್ದರೆ ಎಲ್ಲವನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿ ಒಂದೇ ವೈರಿನಲ್ಲಿ ತರಬೇಡಿ. ಒಂದೊಂದನ್ನು ಸರ್ವರ್‌ನ ಒಂದೊಂದು ಪೋರ್ಟಿಗೆ ಕೊಡಿ. ಪ್ರತಿ ಪೋರ್ಟಿಗೂ ತನ್ನದೇ ಕ್ಯೂ 0 ಇರುತ್ತದೆ. ಅವನ್ನು ಬೇರೆ ಬೇರೆ ಕೋರಿಗೆ ಕಟ್ಟಿದರೆ ಯಾವ ಚಮತ್ಕಾರವೂ ಇಲ್ಲದೆ ಭಾರ ಹರಡುತ್ತದೆ.

ಸಂಘದ ಆಫೀಸಿನ ಲಿನಕ್ಸ್ ರೂಟರ್ ತಾನೇ ಫೈಬರ್ ಲೈನಿಗೆ ಪಿಪಿಪಿಒಇ ಡಯಲ್ ಮಾಡುವುದಾದರೆ ಕಥೆ ಉಲ್ಟಾ, ಡೌನ್‌ಲೋಡ್ ಬದಿಯೇ ಕ್ಯೂ 0ಕ್ಕೆ ಬೀಳುತ್ತದೆ. ಆದರೆ ಅಲ್ಲಿ ಲೈನಿನ ವೇಗ 100, 200 ಮೆಗಾಬಿಟ್ ಇರುತ್ತದೆ. ಒಂದು ಕೋರ್ ಆರಾಮಾಗಿ ನಿಭಾಯಿಸುತ್ತದೆ. ಬಿಟ್ಟುಬಿಡಿ.

ಹಾಗಾದರೆ ಆರ್‌ಪಿಎಸ್ ಎಲ್ಲ ಕಡೆ ಹಾಕಬಹುದಲ್ವಾ?

ಬೇಡ. ಕಾರ್ಡಿನ ಕ್ಯೂಗಳೇ ಚೆನ್ನಾಗಿ ಹಂಚುತ್ತಿದ್ದರೆ ಅದರ ಮೇಲೆ ಇನ್ನೊಮ್ಮೆ ಹಂಚುವುದು ದಂಡದ ಕೆಲಸ. ಒಂದು ಕೋರ್ ಇನ್ನೊಂದನ್ನು ಕರೆಯುವುದಕ್ಕೂ ಖರ್ಚಿದೆ.

ಬ್ಯಾಕಪ್‌ಗೆ ಒಂದೇ ದೊಡ್ಡ ಫೈಲ್ ಮಂಗಳೂರಿಗೆ ಕಳಿಸುವಾಗ ಒಂದೇ ಕೋರ್ ಓಡುತ್ತದೆ. ಹಂಚಿದ್ದು ಕೆಲಸ ಮಾಡುತ್ತಿಲ್ಲವೇ?

ಮಾಡುತ್ತಿದೆ. ಹ್ಯಾಶ್ ನೋಡುವುದು ಐಪಿ ಮತ್ತು ಪೋರ್ಟ್. ಒಂದು ಸಂಪರ್ಕದಲ್ಲಿ ಅವು ಕೊನೆತನಕ ಒಂದೇ, ಹಾಗಾಗಿ ಕ್ಯೂ ಕೂಡ ಒಂದೇ. ಬೇಕೆಂದೇ ಹಾಗೆ ಮಾಡಿರುವುದು. ವೇಗ ಬೇಕಾದರೆ ಫೈಲ್‌ಗಳನ್ನು ಪಾಲು ಮಾಡಿ ನಾಲ್ಕೈದು ಸಂಪರ್ಕದಲ್ಲಿ ಒಟ್ಟಿಗೆ ಕಳಿಸಿ. ಆದರೆ ಅದಕ್ಕೆ ಮೊದಲು ಲೈನೇ ತುಂಬಿದೆಯೋ ನೋಡಿ. ಎನ್‌ಕ್ರಿಪ್ಶನ್‌ಗೆ ಆ ಕೋರ್ ಖರ್ಚಾಗುತ್ತಿರಲೂಬಹುದು. ಆಗ ಟಾಪ್‌ನಲ್ಲಿ ಎಸ್‌ಐ ಅಲ್ಲ, ಯುಎಸ್ (ಸಾಮಾನ್ಯ ಪ್ರೋಗ್ರಾಂಗಳಿಗೆ ಹೋದ ಸಮಯ) ಅಂಕಿ ಏರಿರುತ್ತದೆ.

ಎರಡು ಪ್ರೊಸೆಸರ್ ಇರುವ ಹಳೆ ರ‍್ಯಾಕ್ ಸರ್ವರ್ ತೆಗೆದುಕೊಂಡಿದ್ದೇವೆ. ಏನಾದರೂ ಬೇರೆ ನೋಡಬೇಕಾ?

ನೋಡಬೇಕು. ಅಂಥ ಸರ್ವರ್‌ನಲ್ಲಿ ಪ್ರತಿ ಪ್ರೊಸೆಸರ್‌ಗೂ ಅದರದೇ ಮೆಮೊರಿ, ಅದರದೇ ಪಿಸಿಐ ಸ್ಲಾಟ್. ಕಾರ್ಡ್ ಒಂದರ ಸ್ಲಾಟಿನಲ್ಲಿದ್ದು ಇಂಟರಪ್ಟ್ ಇನ್ನೊಂದರ ಕೋರಿಗೆ ಹೋದರೆ ಪ್ರತಿ ಪ್ಯಾಕೆಟ್ ಎರಡು ಪ್ರೊಸೆಸರ್ ನಡುವಿನ ಸೇತುವೆ ದಾಟಬೇಕು. ಸಿಸ್ ಒಳಗೆ ಪೋರ್ಟಿನ ಡಿವೈಸ್ ಡೈರೆಕ್ಟರಿಯಲ್ಲಿ ನ್ಯೂಮಾ-ನೋಡ್ ಫೈಲ್ ಇದೆ. 0 ಅಥವಾ 1 ಇದ್ದರೆ ಕಾರ್ಡ್ ಯಾವ ಕಡೆಯದು ಎಂದು ತಿಳಿಯಿತು. ಮೈನಸ್ 1 ಇದ್ದರೆ ಯಂತ್ರ ಹೇಳುತ್ತಿಲ್ಲ ಎಂದರ್ಥ. ಎಲ್‌ಎಸ್‌ಸಿಪಿಯು ಕಮಾಂಡ್ ಯಾವ ಕೋರ್ ಯಾವ ಕಡೆ ಎಂದು ಹೇಳುತ್ತದೆ. ಕಾರ್ಡ್ ಇರುವ ಕಡೆಯ ಕೋರ್‌ಗಳಿಗೇ ಕಟ್ಟಿ.

ನಿಜ ಹೇಳಬೇಕೆಂದರೆ, ಸಣ್ಣ ಕೇಬಲ್ ಜಾಲಕ್ಕೆ ಎರಡು ಪ್ರೊಸೆಸರ್ ಸರ್ವರ್‌ಗಿಂತ ವೇಗದ ಒಂದೇ ಪ್ರೊಸೆಸರ್ ವಾಸಿ. ಕರೆಂಟ್ ಬಿಲ್ಲೂ ಕಡಿಮೆ, ಈ ತಲೆನೋವೂ ಇಲ್ಲ.

ಹೈಪರ್‌ಥ್ರೆಡಿಂಗ್ ಇದ್ದರೆ 8 ಕೋರಿಗೆ 16 ತೋರಿಸುತ್ತದೆ. 16 ಕ್ಯೂ ಕೊಡಲೇ?

ಮೊದಲು 8 ಕೊಡಿ, ನಿಜವಾದ ಒಂದೊಂದು ಕೋರಿಗೆ ಒಂದು. ಹೈಪರ್‌ಥ್ರೆಡಿಂಗ್‌ನಲ್ಲಿ ಒಂದು ಕೋರ್ ಎರಡು ಥ್ರೆಡ್ ಆಗಿ ಕಾಣುತ್ತದೆ. ಆ ಜೋಡಿಯ ಎರಡಕ್ಕೂ ಕ್ಯೂ ಕಟ್ಟಿದರೆ ಒಂದೇ ಕೋರಿಗಾಗಿ ಎರಡು ಕ್ಯೂ ಜಗಳಾಡುತ್ತವೆ. ಯಾವುದು ಯಾರ ಜೋಡಿ ಎಂದು ಎಲ್‌ಎಸ್‌ಸಿಪಿಯುಗೆ ಸಣ್ಣ ಇ ಕೊಟ್ಟು ನೋಡಿ, ಅಂದಾಜಿನಲ್ಲಿ ಹೋಗಬೇಡಿ.

ಎನ್‌ವಿಎಂಇ ಡಿಸ್ಕಿನ (ವೇಗದ ಎಸ್‌ಎಸ್‌ಡಿ) ಇಂಟರಪ್ಟ್ ಸರಿಸಲು ಹೋದರೆ ಇನ್‌ಪುಟ್ ಔಟ್‌ಪುಟ್ ಎರರ್ ಬರುತ್ತದೆ. ಡಿಸ್ಕ್ ಹಾಳಾಯಿತಾ?

ಇಲ್ಲ. ಈಗಿನ ಕರ್ನಲ್‌ಗಳಲ್ಲಿ ಎನ್‌ವಿಎಂಇ ಕ್ಯೂಗಳ ಹಂಚಿಕೆಯನ್ನು ಕರ್ನಲ್ಲೇ ನೋಡಿಕೊಳ್ಳುತ್ತದೆ, ಹೊರಗಿನವರಿಗೆ ಬದಲಿಸಲು ಬಿಡುವುದಿಲ್ಲ. ಆ ಎರರ್ ಅಂದರೆ "ನಿನಗೆ ಸಂಬಂಧ ಇಲ್ಲ" ಎಂದು ಹೇಳಿದ ಹಾಗೆ. ನಿಶ್ಚಿಂತೆಯಾಗಿರಿ.

ವರ್ಚುವಲ್ ಮೆಷಿನ್ ಒಳಗೆ ಏನಾದರೂ ಮಾಡಬಹುದಾ?

ಒಳಗೆ ಒಂದೇ ಕೋರ್ ಇದ್ದರೆ ಹಂಚಲು ಏನೂ ಇಲ್ಲ. ನಾಲ್ಕು ಕೋರ್ ಇದ್ದೂ ವರ್ಟಿಯೋ ಎಂಬ ವರ್ಚುವಲ್ ನೆಟ್‌ವರ್ಕ್ ಕಾರ್ಡಿಗೆ ಒಂದೇ ಕ್ಯೂ ಇದ್ದರೆ, ಅದನ್ನು ಏರಿಸಬೇಕಾದ್ದು ಮೊದಲು ಹೊರಗಿನ ಹೋಸ್ಟ್‌ನಲ್ಲಿ. ಮೆಷಿನ್‌ನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಕ್ಯೂ ಸಂಖ್ಯೆ 4 ಎಂದು ಕೊಟ್ಟು, ಆಮೇಲೆ ಒಳಗೆ ಈಥ್‌ಟೂಲ್‌ನಿಂದ ನೋಡಿ. ಹಳೆ ಕರ್ನಲ್ ಆದರೆ ಒಳಗೂ ಏರಿಸಬೇಕಾಗುತ್ತದೆ. ಬಾಡಿಗೆ ಕ್ಲೌಡ್‌ನಲ್ಲಾದರೆ ಅವರು ಕೊಟ್ಟಷ್ಟೇ ಗತಿ.

ಯಕ್ಷಗಾನ ಲೈವ್ ಮಾಡುವಾಗ ಫ್ರೇಮ್ ಹಾರುತ್ತದೆ. ಇಂಟರಪ್ಟ್ ಹಂಚಿದರೆ ಸರಿಯಾದೀತೇ?

ಜಾತ್ರೆ ಸೀಸನ್ ಬಂದರೆ ಈ ಪ್ರಶ್ನೆ ಗ್ಯಾರಂಟಿ. ಇಲ್ಲ, ಸರಿಯಾಗುವುದಿಲ್ಲ. ಲೆಕ್ಕ ಹಾಕಿ: 6 ಮೆಗಾಬಿಟ್‌ನ ಲೈವ್ ಅಂದರೆ ಸೆಕೆಂಡಿಗೆ 1500 ಬೈಟಿನ ಸುಮಾರು 500 ಪ್ಯಾಕೆಟ್. ಮೇಲೆ ಹೇಳಿದ 81 ಸಾವಿರದ ಎದುರು ಇದು ಏನೂ ಅಲ್ಲ. ತೊಂದರೆ ಇರುವುದು ವಿಡಿಯೋ ಎನ್‌ಕೋಡ್ ಮಾಡುವ ಕಡೆ, ಅಥವಾ ಬಯಲಾಟದ ಗದ್ದೆಗೆ ಎಳೆದ ತಾತ್ಕಾಲಿಕ ಲೈನಿನಲ್ಲಿ. ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ಇಳಿಸಿಕೊಂಡಿದೆಯೋ ನೋಡಿ. ಚೌಕಿಯ ಪಕ್ಕ ಶೀಟಿನಡಿ ಇಟ್ಟ ಲ್ಯಾಪ್‌ಟಾಪ್ ಎಷ್ಟು ಹೊತ್ತು ತಡೆದೀತು?

ಇಂಟರಪ್ಟ್‌ಗಳ ಸಂಖ್ಯೆಯನ್ನೇ ಕಡಿಮೆ ಮಾಡಲು ಬರುವುದಿಲ್ಲವೇ?

ಬರುತ್ತದೆ. ಈಥ್‌ಟೂಲ್‌ಗೆ ಸಣ್ಣ ಸಿ ಕೊಟ್ಟರೆ ಈಗಿನ ಸೆಟ್ಟಿಂಗ್, ದೊಡ್ಡ ಸಿ ಕೊಟ್ಟರೆ ಬದಲಾವಣೆ. ಆರ್‌ಎಕ್ಸ್-ಯುಸೆಕ್ಸ್ 50 ಎಂದರೆ ಎರಡು ಇಂಟರಪ್ಟ್ ನಡುವೆ ಕನಿಷ್ಠ 50 ಮೈಕ್ರೊಸೆಕೆಂಡ್, ಅಂದರೆ ಕ್ಯೂಗೆ ಸೆಕೆಂಡಿಗೆ 20 ಸಾವಿರಕ್ಕಿಂತ ಹೆಚ್ಚಿಲ್ಲ. ಜಾಸ್ತಿ ಏರಿಸಿದರೆ ಪ್ರತಿ ಪ್ಯಾಕೆಟ್ ಕಾಯಬೇಕಾಗುತ್ತದೆ, ಆನ್‌ಲೈನ್ ಗೇಮ್ ಆಡುವ ಮಕ್ಕಳು ಮೊದಲು ಫೋನ್ ಮಾಡುತ್ತಾರೆ. ಅಡಾಪ್ಟಿವ್ ಎಂಬ ಆಯ್ಕೆ ಇದ್ದರೆ ಅದನ್ನೇ ಆನ್ ಮಾಡಿ.

ಮೈಕ್ರೋಟಿಕ್ ರೂಟರ್‌ನಲ್ಲಿ?

ಸಿಸ್ಟಮ್, ರಿಸೋರ್ಸಸ್, ಐಆರ್‌ಕ್ಯೂ ಎಂಬಲ್ಲಿ ಹೋದರೆ ಇದೇ ಪಟ್ಟಿ ಇದೆ. ಸಿಪಿಯು ಜಾಗದಲ್ಲಿ ಆಟೋ ಇರುತ್ತದೆ, ಬೇಕಾದರೆ ಕೋರ್ ನಂಬರ್ ಕೊಡಬಹುದು. ಆರ್‌ಪಿಎಸ್ ಕೂಡ ಪೋರ್ಟಿನ ಲೆಕ್ಕದಲ್ಲಿ ಆನ್ ಮಾಡಬಹುದು.

ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಮೊದಲಿನಂತಾಯ್ತು. ಶಾಶ್ವತ ಮಾಡುವುದು ಹೇಗೆ?

ತುಲಾ ತಿಂಗಳ ಗುಡುಗು ಮಳೆ ಶುರುವಾದರೆ ಈ ಫೋನೂ ಶುರು. ಪ್ರಾಕ್, ಸಿಸ್ ಎರಡೂ ಡಿಸ್ಕಿನಲ್ಲಿಲ್ಲ, ಅಲ್ಲಿ ಬರೆದದ್ದು ರೀಬೂಟ್ ಆದರೆ ಹೋಗುತ್ತದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಸಿಸ್ಟಮ್‌ಡಿ ಸರ್ವಿಸ್ ಆಗಿ, ನೆಟ್‌ವರ್ಕ್ ಮೇಲೆ ಬಂದ ನಂತರ ಓಡುವಂತೆ ಇಡಿ.

ಸ್ಕ್ರಿಪ್ಟಿನಲ್ಲಿ ಐಆರ್‌ಕ್ಯೂ ನಂಬರುಗಳನ್ನು ನೇರವಾಗಿ ಬರೆಯಬೇಡಿ. ಕರ್ನಲ್ ಅಪ್‌ಡೇಟ್ ಆದಾಗ, ಹೊಸ ಕಾರ್ಡ್ ಹಾಕಿದಾಗ, ಕೆಲವೊಮ್ಮೆ ಬರೀ ರೀಬೂಟಿಗೂ ಆ ನಂಬರು ಬದಲಾಗುತ್ತದೆ. ನಿನ್ನೆ ನೆಟ್‌ವರ್ಕ್ ಕಾರ್ಡಿನದಾಗಿದ್ದ ನಂಬರು ಇವತ್ತು ಯುಎಸ್‌ಬಿಯದ್ದಾಗಿರಬಹುದು. ಇಂಟರಪ್ಟ್ಸ್ ಫೈಲಿನಲ್ಲಿ ಪೋರ್ಟಿನ ಹೆಸರು ಹುಡುಕಿ, ಆ ಸಾಲಿನ ನಂಬರು ತೆಗೆದುಕೊಳ್ಳುವ ಹಾಗೆ ಬರೆಯಿರಿ. ಕ್ರಮವೂ ಮುಖ್ಯ: ಮೊದಲು ಕ್ಯೂ ಸಂಖ್ಯೆ, ಆಮೇಲೆ ಅಫಿನಿಟಿ, ಕೊನೆಗೆ ಆರ್‌ಪಿಎಸ್. ಕ್ಯೂ ಸಂಖ್ಯೆ ಬದಲಿಸಿದರೆ ಇಂಟರಪ್ಟ್‌ಗಳು ಹೊಸದಾಗಿ ಹುಟ್ಟುತ್ತವೆ, ಹಿಂದೆ ಕಟ್ಟಿದ್ದು ಉಳಿಯುತ್ತದೆಂಬ ಭರವಸೆ ಇಲ್ಲ.

ಬ್ಯಾಂಕಿನ ವಿಂಡೋಸ್ ಸರ್ವರ್‌ಗೂ ಇದೆಲ್ಲ ಬೇಕಾ?

ವಿಂಡೋಸ್ ಸರ್ವರ್‌ನಲ್ಲಿ ಆರ್‌ಎಸ್‌ಎಸ್ ತಾನಾಗಿ ಆನ್ ಇರುತ್ತದೆ. ಪವರ್‌ಶೆಲ್‌ನಲ್ಲಿ ಗೆಟ್-ನೆಟ್‌ಅಡಾಪ್ಟರ್‌ಆರ್‌ಎಸ್‌ಎಸ್ ಕೊಟ್ಟರೆ ಎಷ್ಟು ಕ್ಯೂ, ಯಾವ ಪ್ರೊಸೆಸರ್‌ನಿಂದ ಶುರು ಎಂದು ತೋರಿಸುತ್ತದೆ. ಯಾರೋ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ, ಅಷ್ಟು ಸಾಕು. ಕೌಂಟರಿನಲ್ಲಿ ಪಾಸ್‌ಬುಕ್ ಪ್ರಿಂಟ್ ನಿಧಾನವಾದರೆ ಅದಕ್ಕೆ ಇಂಟರಪ್ಟ್ ಕಾರಣ ಅಲ್ಲ.

ಏನೇನೋ ಬದಲಿಸಿ ಗೊಂದಲವಾಗಿದೆ. ಮೊದಲಿನ ಸ್ಥಿತಿಗೆ ತರುವುದು ಹೇಗೆ?

ಸ್ಕ್ರಿಪ್ಟ್ ಹಾಕಿದ್ದರೆ ಅದನ್ನು ಡಿಸೇಬಲ್ ಮಾಡಿ. ಆರ್‌ಪಿಎಸ್ ಫೈಲಿಗೆ ಸೊನ್ನೆ ಬರೆಯಿರಿ. ಐಆರ್‌ಕ್ಯೂ-ಬ್ಯಾಲೆನ್ಸ್ ನಿಲ್ಲಿಸಿದ್ದರೆ ಮತ್ತೆ ಚಾಲೂ ಮಾಡಿ, ಬ್ಯಾನ್ ಮಾಡಿದ ನಂಬರುಗಳಿದ್ದರೆ ತೆಗೆಯಿರಿ. ಗ್ರಾಹಕರು ಮಲಗಿದ ಮೇಲೆ ಒಮ್ಮೆ ರೀಬೂಟ್ ಮಾಡಿ. ಮಾರನೇ ದಿನ ರಾತ್ರಿ ಒಂಬತ್ತಕ್ಕೆ ಟಾಪ್ ತೆರೆದು 1 ಒತ್ತಿ, ಎಸ್‌ಐ ಅಂಕಿಗಳನ್ನು ಫೋಟೋ ತೆಗೆದು ಇಟ್ಟುಕೊಳ್ಳಿ. ನನಗೆ ಫೋನ್ ಮಾಡುವಾಗ ಮೊದಲು ಆ ಫೋಟೋ ಕಳಿಸಿ.